ವಿಜಯಪುರ ಪ್ರವಾಸ: ಎರಡು ದಿನ, ಆದಿಲಶಾಹಿ ಸ್ಮಾರಕಗಳು ಮತ್ತು ಜೋಳದ ರೊಟ್ಟಿ

ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಪ್ರವಾಸಕ್ಕೆ ಹೊರಡುವವರು ವಿಜಯಪುರವನ್ನು ಅರ್ಧ ದಿನದ ನಿಲುಗಡೆಯೆಂದು ಪರಿಗಣಿಸುವುದೇ ಹೆಚ್ಚು. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಬಂದಿಳಿದು, ಗೋಳಗುಮ್ಮಟದ ಮೆಟ್ಟಿಲುಗಳನ್ನು ಅವಸರದಿಂದ ಹತ್ತಿ, ಗದ್ದಲದ ನಡುವೆ ಪ್ರತಿಧ್ವನಿಯನ್ನು ಕೇಳಿದಂತೆ ಮಾಡಿ, ಸಂಜೆಗೆ ಮುಂದಿನ ಊರಿಗೆ ಹೊರಟುಬಿಡುತ್ತಾರೆ. ಹೀಗೆ ಹೋದವರಿಗೆ ಒಂದು ಗುಮ್ಮಟ ಕಂಡಿರುತ್ತದೆ, ಊರು ಕಂಡಿರುವುದಿಲ್ಲ. ಸುಮಾರು ಎರಡು ಶತಮಾನಗಳ ಕಾಲ ರಾಜಧಾನಿಯಾಗಿದ್ದ ಈ ನಗರವನ್ನು ಅರಿಯಲು ಕನಿಷ್ಠ ಎರಡು ಹಗಲು ಮತ್ತು ಒಂದು ರಾತ್ರಿ ಬೇಕು. ಬಿಸಿಲಿನ ಹೊತ್ತು ನೋಡಿಕೊಂಡು ಸ್ಮಾರಕಗಳನ್ನೂ, ಊಟದ ಹೊತ್ತು ನೋಡಿಕೊಂಡು ಖಾನಾವಳಿಯನ್ನೂ ಹೊಂದಿಸಿಕೊಂಡರೆ ಈ ಎರಡು ದಿನಗಳು ಆಯಾಸವಿಲ್ಲದೆ ಕಳೆಯುತ್ತವೆ.

ಊರಿನ ಹಿನ್ನೆಲೆ

ಕಲ್ಯಾಣ ಚಾಲುಕ್ಯರ ಕಾಲದಲ್ಲಿಯೇ ವಿಜಯಪುರ ಎಂಬ ಹೆಸರಿನಿಂದ ಪ್ರಸಿದ್ಧವಾಗಿದ್ದ ಈ ಊರು ಮುಂದೆ ಬಹಮನಿ ರಾಜ್ಯಕ್ಕೆ ಸೇರಿತು. 1489-90ರ ವೇಳೆಗೆ ಯೂಸುಫ್ ಆದಿಲ್ ಖಾನನು ಇಲ್ಲಿ ಸ್ವತಂತ್ರನಾದಾಗ ಆದಿಲಶಾಹಿ ಮನೆತನದ ಆಳ್ವಿಕೆ ಆರಂಭವಾಯಿತು. 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರದ ಸೋಲು ಈ ರಾಜ್ಯಕ್ಕೆ ಅಪಾರ ಸಂಪತ್ತನ್ನೂ, ರಾಜಧಾನಿಗೆ ಹೆಚ್ಚಿನ ಜನರನ್ನೂ ತಂದಿತು. ಇಂದು ಕಾಣುವ ದೊಡ್ಡ ಕಟ್ಟಡಗಳಲ್ಲಿ ಹೆಚ್ಚಿನವು ಆ ನಂತರದ ನೂರು ವರ್ಷಗಳಲ್ಲಿ ನಿರ್ಮಾಣವಾದವು. 1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದುಕೊಂಡ ಬಳಿಕ ರಾಜಧಾನಿಯ ವೈಭವ ಮುಗಿಯಿತು. ಬ್ರಿಟಿಷರ ಕಾಲದಲ್ಲಿ, 1885ರಲ್ಲಿ, ಜಿಲ್ಲಾ ಕೇಂದ್ರವು ಕಲಾದಗಿಯಿಂದ ಇಲ್ಲಿಗೆ ಸ್ಥಳಾಂತರಗೊಂಡಾಗ ಪಾಳುಬಿದ್ದಿದ್ದ ಕೆಲವು ಅರಮನೆಗಳು ಕಚೇರಿಗಳಾಗಿಯೂ ನಿವಾಸಗಳಾಗಿಯೂ ಮಾರ್ಪಟ್ಟವು. ದೀರ್ಘಕಾಲ ಬಿಜಾಪುರವೆಂದು ಕರೆಯಲ್ಪಡುತ್ತಿದ್ದ ನಗರಕ್ಕೆ 2014ರ ನವೆಂಬರ್ 1ರಂದು ವಿಜಯಪುರವೆಂಬ ಹಳೆಯ ಹೆಸರು ಅಧಿಕೃತವಾಗಿ ಮರಳಿತು. ಇಲ್ಲಿನ ಆದಿಲಶಾಹಿ ಸ್ಮಾರಕಗಳು ದಖ್ಖನ್ ಸುಲ್ತಾನರ ಸ್ಮಾರಕಗಳ ಗುಂಪಿನಲ್ಲಿ 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ.

ಈ ಇತಿಹಾಸದ ಜೊತೆಗೆ ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ವಿಜಯಪುರವು ಕಡಿಮೆ ಮಳೆ ಬೀಳುವ ಬಯಲುಸೀಮೆ. ನಗರದ ಬಳಿ ವರ್ಷವಿಡೀ ಹರಿಯುವ ನದಿಯಿಲ್ಲ. ಇಂಥ ನೆಲದಲ್ಲಿ ಮಹಾನಗರವೊಂದನ್ನು ಸಾಕಲು ಅರಸರು ಬಾವಡಿ, ಕೆರೆ, ಸುರಂಗ ಕಾಲುವೆಗಳನ್ನು ಕಟ್ಟಿಸಿದರು. ಅದೇ ನೆಲದ ರೈತರು ನೀರಾವರಿಯಿಲ್ಲದೆ, ಕಪ್ಪು ಎರೆಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲಿಯೇ ಹಿಂಗಾರಿ ಬಿಳಿಜೋಳ ಬೆಳೆದರು. ನಗರದ ನೀರಿನ ವ್ಯವಸ್ಥೆಯನ್ನೂ ಊಟದ ತಟ್ಟೆಯ ರೊಟ್ಟಿಯನ್ನೂ ರೂಪಿಸಿದ್ದು ಒಂದೇ ಬರ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ತಿರುಗಿದರೆ ಸ್ಮಾರಕದ ನೋಟ ಮತ್ತು ಊಟ ಬೇರೆ ಬೇರೆಯೆನಿಸುವುದಿಲ್ಲ.

ಯಾವಾಗ ಬರಬೇಕು

ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಅತ್ಯಂತ ಸೂಕ್ತ. ಮಾರ್ಚ್ ಕಳೆದ ಮೇಲೆ ಬಿಸಿಲು ಏರುತ್ತಾ ಹೋಗಿ, ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಆಗ ಬರಲೇಬೇಕಾದವರು ಬೆಳಗಿನ ಮತ್ತು ಸಂಜೆಯ ಹೊತ್ತನ್ನು ಮಾತ್ರ ಬಳಸಿಕೊಳ್ಳುವುದು ಲೇಸು.

ಊಟದ ದೃಷ್ಟಿಯಿಂದಲೂ ಚಳಿಗಾಲವೇ ಮೇಲು. ಎಳ್ಳಮಾವಾಸ್ಯೆಯಿಂದ ಸಂಕ್ರಾಂತಿಯವರೆಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬಗೆಬಗೆಯ ಪಲ್ಯಗಳ ಕಾಲ. ಜೋಳದ ತೆನೆ ಹಾಲುಗಟ್ಟಿ ಬಲಿಯುವ ದಿನಗಳಲ್ಲಿ ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಕಾಳು ಬಿಡಿಸಿ ತಿನ್ನುವ ‘ಸೀತನಿ’ ಈ ಭಾಗದ ವಿಶೇಷ. ಹೊಲಗಳಲ್ಲಿ ಕೆಲವೇ ವಾರ ದೊರೆಯುವ ಈ ತಿನಿಸಿಗೆ ಹೋಟೆಲಿನಲ್ಲಿ ಬದಲಿಯಿಲ್ಲ. ಪರಿಚಯದ ರೈತರಿದ್ದರೆ ವಿಚಾರಿಸಬಹುದು. ಸಂಕ್ರಾಂತಿಯ ಸುಮಾರಿಗೆ ನಗರದ ಆರಾಧ್ಯದೈವ ಸಿದ್ಧೇಶ್ವರರ ಜಾತ್ರೆ ನಡೆಯುತ್ತದೆ. ಆ ದಿನಗಳಲ್ಲಿ ವಸತಿಗೃಹಗಳು ಬೇಗ ಭರ್ತಿಯಾಗುವುದರಿಂದ ಕೊಠಡಿಯನ್ನು ಮುಂಗಡವಾಗಿ ಕಾಯ್ದಿರಿಸಬೇಕು.

ತಲುಪುವ ಬಗೆ

ಬೆಂಗಳೂರಿನಿಂದ ವಿಜಯಪುರಕ್ಕೆ ರಸ್ತೆಯ ಮೂಲಕ ಸುಮಾರು 530 ಕಿ.ಮೀ. ಚಿತ್ರದುರ್ಗ, ಹೊಸಪೇಟೆಗಳನ್ನು ಹಾದು ಬರುವ ರಾಷ್ಟ್ರೀಯ ಹೆದ್ದಾರಿ 50 ಮುಖ್ಯ ದಾರಿ. ಸೊಲ್ಲಾಪುರ ಮತ್ತು ಹುಬ್ಬಳ್ಳಿಯ ಕಡೆಯಿಂದ ಬರುವವರಿಗೆ ರಾಷ್ಟ್ರೀಯ ಹೆದ್ದಾರಿ 52 ಇದೆ. ಸೊಲ್ಲಾಪುರ ಸುಮಾರು 100 ಕಿ.ಮೀ., ಹುಬ್ಬಳ್ಳಿ ಸುಮಾರು 200 ಕಿ.ಮೀ. ದೂರದಲ್ಲಿವೆ. ರೈಲಿನಲ್ಲಿ ಬರುವವರಿಗೆ ಗದಗ-ಸೊಲ್ಲಾಪುರ ಮಾರ್ಗದಲ್ಲಿ ನಿಲ್ದಾಣವುಂಟು. ನಿಲ್ದಾಣದಿಂದ ಹೊರಬಂದರೆ ಗೋಳಗುಮ್ಮಟ ಹತ್ತಿರದಲ್ಲೇ ಇದೆ. ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಇಳಿಯುವಂತೆ ಯೋಜಿಸಿಕೊಂಡರೆ ಹಗಲಿನ ಹೊತ್ತು ಪೂರ್ತಿ ಉಳಿಯುತ್ತದೆ.

ನಗರದ ಒಳಗೆ ತಿರುಗಾಡಲು ಆಟೋ ಅನುಕೂಲಕರ. ಒಂದು ಕಾಲಕ್ಕೆ ಈ ಊರಿನ ಗುರುತಾಗಿದ್ದ ಟಾಂಗಾಗಳು ಈಗ ವಿರಳವಾಗಿವೆ. ಇಡೀ ದಿನಕ್ಕೆ ಆಟೋ ಗೊತ್ತುಮಾಡಿಕೊಳ್ಳುವವರು ನೋಡಬೇಕಾದ ಸ್ಥಳಗಳ ಹೆಸರುಗಳನ್ನು ಮೊದಲೇ ಹೇಳಿ ದರ ನಿಗದಿಪಡಿಸಿಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್ ಈ ಮೂರಕ್ಕೇ ಪ್ರವಾಸ ಮುಗಿದುಹೋಗುವುದುಂಟು.

ನಗರದ ವಿನ್ಯಾಸ

ಸುಮಾರು 10 ಕಿ.ಮೀ. ಸುತ್ತಳತೆಯ ಕೋಟೆಗೋಡೆ ಹಳೆಯ ನಗರವನ್ನು ಸುತ್ತುವರಿದಿದೆ. ಒಂದನೆಯ ಅಲಿ ಆದಿಲ್ ಷಾನ ಕಾಲದಲ್ಲಿ, 1565ರಲ್ಲಿ, ಇದು ಪೂರ್ಣಗೊಂಡಿತು. ಪೂರ್ವದ ಅಂಚಿನಲ್ಲಿ ಗೋಳಗುಮ್ಮಟ, ನಡುವೆ ಅರಕಿಲ್ಲಾ ಎಂದು ಕರೆಯುವ ಒಳಕೋಟೆ, ಪಶ್ಚಿಮದ ಗೋಡೆಯ ಮೇಲೆ ಮಲಿಕ್-ಎ-ಮೈದಾನ್ ಫಿರಂಗಿ, ಅದರಾಚೆ ಗೋಡೆಯ ಹೊರಗೆ ಇಬ್ರಾಹಿಂ ರೋಜಾ, ಇದು ಊರಿನ ಸ್ಥೂಲ ನಕ್ಷೆ. ಆದ್ದರಿಂದ ಮೊದಲ ದಿನ ಪೂರ್ವ ಮತ್ತು ನಡುಭಾಗ, ಎರಡನೆಯ ದಿನ ಪಶ್ಚಿಮ ಎಂದು ಹಂಚಿಕೊಂಡರೆ ಅನಗತ್ಯ ಓಡಾಟ ತಪ್ಪುತ್ತದೆ.

ಮೊದಲ ದಿನ, ಬೆಳಿಗ್ಗೆ: ಗೋಳಗುಮ್ಮಟ

ಬಾಗಿಲು ತೆರೆಯುವ ಹೊತ್ತಿಗೇ ಗೋಳಗುಮ್ಮಟವನ್ನು ತಲುಪುವುದು ಇಡೀ ಯೋಜನೆಯಲ್ಲಿ ಅತಿ ಮುಖ್ಯವಾದ ಅಂಶ. ಪಿಸುಗುಟ್ಟುವ ಗ್ಯಾಲರಿಯ ಸೋಜಿಗ ಮೌನದಲ್ಲಿ ಮಾತ್ರ ಅನುಭವಕ್ಕೆ ಬರುತ್ತದೆ. ಶಾಲಾ ಪ್ರವಾಸಗಳ ಕಾಲವಾದ ಡಿಸೆಂಬರ್-ಜನವರಿಯಲ್ಲಿ ಹೊತ್ತೇರಿದ ಮೇಲೆ ಹೋದರೆ ಕೂಗಾಟದ ಹೊರತು ಬೇರೇನೂ ಕೇಳಿಸದು.

ಮೊಹಮ್ಮದ್ ಆದಿಲ್ ಷಾನ (ಆಳ್ವಿಕೆ 1627-1656) ಈ ಸಮಾಧಿ ಒಂದೇ ಒಂದು ವಿಶಾಲ ಕೋಣೆ. ಒಳಗೆ ಒಂದು ಕಂಬವೂ ಇಲ್ಲ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಚೌಕಾಕಾರದ ಕೋಣೆಯ ಮೇಲೆ ದುಂಡಗಿನ ಗುಮ್ಮಟವನ್ನು ಕೂರಿಸಲು ಪರಸ್ಪರ ಹೆಣೆದುಕೊಂಡ ಎಂಟು ಕಮಾನುಗಳನ್ನು ಕಟ್ಟಲಾಗಿದೆ. ಗುಮ್ಮಟದ ಭಾರವನ್ನು ಗೋಡೆಗಳಿಗೆ ಇಳಿಸುವವು ಇವೇ. ನೆಲದ ಮೇಲೆ ನಿಂತು ಮೇಲೆ ನೋಡಿದಾಗ ಈ ಕಮಾನುಗಳ ಹೆಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಮೆಟ್ಟಿಲು ಹತ್ತುವ ಅವಸರದಲ್ಲಿ ಹಲವರು ಇದನ್ನು ಗಮನಿಸದೆ ಹೋಗುತ್ತಾರೆ. ಕಟ್ಟೆಯ ಮೇಲಿರುವ ಗೋರಿಗಳು ಗುರುತಿಗಾಗಿ ಮಾತ್ರ; ನಿಜವಾದ ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ.

ನಾಲ್ಕು ಮೂಲೆಗಳ ಏಳು ಅಂತಸ್ತಿನ ಗೋಪುರಗಳೊಳಗಿನ ಮೆಟ್ಟಿಲುಗಳು ಇಕ್ಕಟ್ಟಾಗಿಯೂ ಕಡಿದಾಗಿಯೂ ಇವೆ. ಮೊಣಕಾಲು ನೋವು, ಹೃದಯದ ತೊಂದರೆ ಇರುವವರು ಕೆಳಗೇ ಉಳಿಯುವುದು ಕ್ಷೇಮ. ಮೇಲೇರಿದವರು ಗ್ಯಾಲರಿಯಲ್ಲಿ ಎದುರುಬದುರಾಗಿ ನಿಂತು, ಒಬ್ಬರು ಗೋಡೆಯತ್ತ ಮುಖಮಾಡಿ ಮೆಲ್ಲಗೆ ಮಾತನಾಡಬೇಕು. ಮಾತು ಗುಮ್ಮಟದ ಬಾಗಿದ ಮೈಯನ್ನು ಅನುಸರಿಸಿ ಆಚೆಯ ಬದಿಗೆ ಸ್ಪಷ್ಟವಾಗಿ ತಲುಪುತ್ತದೆ. ಚಪ್ಪಾಳೆ ತಟ್ಟಿದರೆ ಹಲವು ಬಾರಿ ಮರುಧ್ವನಿ ಹೊಮ್ಮುತ್ತದೆ. ಕಿರುಚುವುದರಿಂದ ಇವೆರಡೂ ಕೆಡುತ್ತವೆ.

ಗುಮ್ಮಟದ ಮುಂಭಾಗದ ನಗಾರಖಾನೆಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಶಾಸನಗಳು, ಶಿಲ್ಪಗಳು, ಆಯುಧಗಳು, ಹಸ್ತಪ್ರತಿಗಳನ್ನು ಇಲ್ಲಿ ಕಾಣಬಹುದು. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ ಎಂಬುದನ್ನು ದಿನ ಗೊತ್ತುಮಾಡುವಾಗಲೇ ಗಮನಿಸಬೇಕು.

ಉಪಾಹಾರಕ್ಕೆ ಮಾರುಕಟ್ಟೆಯ ಕಡೆಗೆ ಬಂದರೆ ಇಡ್ಲಿ, ಪೂರಿಗಳ ಜೊತೆಗೆ ಉತ್ತರ ಕರ್ನಾಟಕದ್ದೇ ಆದ ಸುಸಲಾ ದೊರೆಯುತ್ತದೆ. ನೆನೆಸಿ ಹಿಂಡಿದ ಚುರುಮುರಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಶೇಂಗಾ ಹಾಕಿ ಒಗ್ಗರಣೆ ಕೊಟ್ಟು, ಪುಟಾಣಿ ಹಿಟ್ಟು ಉದುರಿಸಿದ ಈ ತಿಂಡಿಗೆ ಮಿರ್ಚಿ ಭಜಿ ಜೊತೆಯಾಗುತ್ತದೆ. ಹೊಟ್ಟೆಗೆ ಹಗುರ, ತಿರುಗಾಟಕ್ಕೆ ಅನುಕೂಲ.

ಜಾಮಿ ಮಸೀದಿ ಮತ್ತು ಮೆಹತರ್ ಮಹಲ್

ಒಂದನೆಯ ಅಲಿ ಆದಿಲ್ ಷಾ ಆರಂಭಿಸಿದ ಜಾಮಿ ಮಸೀದಿ ದಖ್ಖನ್ನಿನ ದೊಡ್ಡ ಮಸೀದಿಗಳಲ್ಲಿ ಒಂದು. ಅಲಂಕಾರಕ್ಕಿಂತ ಅಳತೆಯ ಸಮತೋಲವೇ ಇದರ ಸೊಬಗು. ಒಳಗಿನ ನೆಲದ ಮೇಲೆ ಪ್ರಾರ್ಥನೆಗೆಂದು ಗುರುತಿಸಿದ 2,250 ಚೌಕಗಳು ಔರಂಗಜೇಬನ ಕಾಲದವೆನ್ನಲಾಗುತ್ತದೆ. ಮೊಹಮ್ಮದ್ ಆದಿಲ್ ಷಾನ ಕಾಲದಲ್ಲಿ, 1636ರಲ್ಲಿ, ಅಲಂಕರಿಸಿದ ಮಿಹ್ರಾಬಿನ ಬಣ್ಣ ಮತ್ತು ಚಿನ್ನದ ಲೇಪ ಇಂದಿಗೂ ಗಮನ ಸೆಳೆಯುತ್ತದೆ. ಇದು ಪ್ರಾರ್ಥನೆ ನಡೆಯುವ ಮಸೀದಿಯಾದುದರಿಂದ ನಮಾಜಿನ ವೇಳೆಯನ್ನು, ವಿಶೇಷವಾಗಿ ಶುಕ್ರವಾರದ ಮಧ್ಯಾಹ್ನವನ್ನು, ಬಿಟ್ಟು ಹೋಗಬೇಕು. ಮೈಮುಚ್ಚುವ ಉಡುಪು ಧರಿಸಿರಬೇಕು.

ಮಸೀದಿಯಿಂದ ಒಳಕೋಟೆಯ ಕಡೆಗೆ ಬರುವ ದಾರಿಯಲ್ಲಿ ಮೆಹತರ್ ಮಹಲ್ ಸಿಗುತ್ತದೆ. ಹೆಸರು ಮಹಲ್ ಎಂದಿದ್ದರೂ ಇದು ಮಸೀದಿಯೊಂದರ ಹೆಬ್ಬಾಗಿಲು. ಮುಂಚಾಚಿದ ಉಪ್ಪರಿಗೆ ಮತ್ತು ಅದನ್ನು ಹೊತ್ತ ಕಲ್ಲಿನ ತೊಲೆಗಳ ಕೆತ್ತನೆ ಮರಗೆಲಸದಷ್ಟು ನಯವಾಗಿದೆ.

ಮಧ್ಯಾಹ್ನ: ಖಾನಾವಳಿಯ ಊಟ

ಬಿಸಿಲು ನೆತ್ತಿಗೇರಿದ ಹೊತ್ತನ್ನು ಊಟಕ್ಕೂ ವಿಶ್ರಾಂತಿಗೂ ಮೀಸಲಿಡಬೇಕು. ವಿಜಯಪುರದ ಊಟವೆಂದರೆ ಖಾನಾವಳಿಯ ಊಟ. ದೊಡ್ಡ ಫಲಕ, ಹವಾನಿಯಂತ್ರಿತ ಕೊಠಡಿಗಳಿಗಿಂತ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಬರುವ ಖಾನಾವಳಿಯನ್ನು ಆರಿಸಿಕೊಳ್ಳುವುದು ಉತ್ತಮ.

ಜೋಳದ ಹಿಟ್ಟಿಗೆ ಗೋಧಿಯ ಜಿಗುಟುತನವಿಲ್ಲ. ಲಟ್ಟಿಸಲು ಹೋದರೆ ಅಂಚು ಒಡೆಯುತ್ತದೆ. ಆದ್ದರಿಂದ ಬಿಸಿನೀರಿನಲ್ಲಿ ನಾದಿ, ಅಂಗೈಯಿಂದ ಬಡಿದು ತೆಳುವಾಗಿಸಿ, ಹಂಚಿನ ಮೇಲೆ ಹಾಕಿದ ಕೂಡಲೇ ಮೇಲ್ಮೈಗೆ ನೀರು ಸವರಿ ಬೇಯಿಸುತ್ತಾರೆ. ಬಿಸಿರೊಟ್ಟಿ ತಟ್ಟೆಗೆ ಬಿದ್ದ ತಕ್ಷಣ ತಿನ್ನುವಂಥದು. ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ; ಪ್ರಯಾಣಕ್ಕೂ ಊರಿಗೆ ಒಯ್ಯಲಿಕ್ಕೂ ತಕ್ಕದ್ದು.

ರೊಟ್ಟಿಯ ಜೊತೆಗೆ ಸಾಮಾನ್ಯವಾಗಿ ಬರುವ ಪದಾರ್ಥಗಳು ಹೀಗಿವೆ:

- ಎಣ್ಣೆಗಾಯಿ: ಶೇಂಗಾ, ಎಳ್ಳು, ಮಸಾಲೆ ತುಂಬಿ ಬೇಯಿಸಿದ ಎಳೆ ಬದನೆಕಾಯಿ.
- ಕಾಳುಪಲ್ಯ: ಮೊಳಕೆ ಬಂದ ಮಡಕಿ ಅಥವಾ ಹೆಸರುಕಾಳಿನ ಪಲ್ಯ.
- ಜುಣಕ: ಕಡಲೆಹಿಟ್ಟನ್ನು ಒಗ್ಗರಣೆಯಲ್ಲಿ ಗಟ್ಟಿಯಾಗಿ ಬೇಯಿಸಿದ್ದು.
- ಪುಂಡಿಪಲ್ಯ: ಹುಳಿಯಾದ ಪುಂಡಿ ಸೊಪ್ಪಿಗೆ ಜೋಳದ ನುಚ್ಚು ಸೇರಿಸಿದ್ದು.
- ಹಿಂಡಿಗಳು: ಶೇಂಗಾ, ಅಗಸಿ ಮತ್ತು ಗುರೆಳ್ಳಿನ ಚಟ್ನಿಪುಡಿಗಳು. ದಕ್ಷಿಣದವರು ಹುಚ್ಚೆಳ್ಳು ಎನ್ನುವುದೇ ಇಲ್ಲಿಯ ಗುರೆಳ್ಳು.
- ಹಸಿ ತರಕಾರಿ: ಮೆಂತ್ಯೆಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ, ಜೊತೆಗೆ ಗಟ್ಟಿ ಮೊಸರು.

ಖಾರಕ್ಕೆ ಒಗ್ಗದವರು ಮೊದಲೇ ತಿಳಿಸಿ, ಮೊಸರನ್ನು ಹೆಚ್ಚು ಕೇಳಿ ಪಡೆಯಬಹುದು. ಕೊನೆಯಲ್ಲಿ ಅನ್ನ-ಸಾರು, ಮಜ್ಜಿಗೆ ಬರುತ್ತವೆ. ರೊಟ್ಟಿಯಲ್ಲಿಯೇ ಹೊಟ್ಟೆ ತುಂಬಿಸಿಕೊಂಡವರಿಗೆ ಅನ್ನಕ್ಕೆ ಜಾಗ ಉಳಿಯುವುದು ಕಷ್ಟ.

ಸಂಜೆ: ಒಳಕೋಟೆ ಮತ್ತು ಬಾರಾ ಕಮಾನ್

ವಿಶ್ರಾಂತಿಯ ಬಳಿಕ ಅಸರ್ ಮಹಲ್, ಗಗನ ಮಹಲ್, ಬಾರಾ ಕಮಾನ್ ಈ ಕ್ರಮದಲ್ಲಿ ನೋಡಬಹುದು. ನ್ಯಾಯಸ್ಥಾನವಾಗಿ ಕಟ್ಟಿದ ಅಸರ್ ಮಹಲ್ ಮುಂದೆ ಪ್ರವಾದಿಯವರ ಪವಿತ್ರ ಅವಶೇಷಗಳನ್ನಿಟ್ಟ ಸ್ಥಳವಾಯಿತು. ಅದರ ಎದುರಿಗೆ ನೀರಿನ ಕೊಳವಿದೆ. 1561ರ ಗಗನ ಮಹಲ್ ಮೂರು ಕಮಾನುಗಳ ದರ್ಬಾರು ಕಟ್ಟಡ. ನಡುವಿನ ಕಮಾನಿನ ಅಗಲ ಅಚ್ಚರಿ ಹುಟ್ಟಿಸುತ್ತದೆ. ಕೊನೆಯ ಸುಲ್ತಾನ ಸಿಕಂದರ್ ಆದಿಲ್ ಷಾನನ್ನು 1686ರಲ್ಲಿ ಇಲ್ಲಿಯೇ ಔರಂಗಜೇಬನ ಮುಂದೆ ಬೆಳ್ಳಿಯ ಸರಪಳಿ ತೊಡಿಸಿ ನಿಲ್ಲಿಸಲಾಯಿತೆಂದು ಪ್ರತೀತಿ.

ಎರಡನೆಯ ಅಲಿ ಆದಿಲ್ ಷಾ (ಆಳ್ವಿಕೆ 1656-1672) ತನ್ನ ಸಮಾಧಿಗಾಗಿ ಆರಂಭಿಸಿದ ಬಾರಾ ಕಮಾನ್ ಪೂರ್ಣಗೊಳ್ಳಲೇ ಇಲ್ಲ. ಛಾವಣಿಯಿಲ್ಲದ ಕರಿಕಲ್ಲಿನ ಕಮಾನುಗಳು ಸಂಜೆಯ ಆಕಾಶದ ಎದುರು ನಿಂತಿರುವುದನ್ನು ನೋಡುವುದಕ್ಕೆ ಇದೇ ಸರಿಯಾದ ಹೊತ್ತು.

ಮಾಂಸಾಹಾರಿಗಳು ರಾತ್ರಿಯ ಊಟಕ್ಕೆ ಹಳೆಯ ಪೇಟೆಯ ಕಡೆಗೆ ಹೋಗಬಹುದು. ಬಿರಿಯಾನಿ, ಖೀಮಾ, ಕಬಾಬುಗಳ ದಖನಿ ಅಡುಗೆಯ ಪರಂಪರೆ ಇಲ್ಲಿ ಉಳಿದುಬಂದಿದೆ.

ಎರಡನೆಯ ದಿನ, ಬೆಳಿಗ್ಗೆ: ಇಬ್ರಾಹಿಂ ರೋಜಾ

ಗೋಳಗುಮ್ಮಟ ಗಾತ್ರದಿಂದ ಬೆರಗುಗೊಳಿಸಿದರೆ ಇಬ್ರಾಹಿಂ ರೋಜಾ ಕುಸುರಿಯಿಂದ ಸೆಳೆಯುತ್ತದೆ. ಎರಡನೆಯ ಇಬ್ರಾಹಿಂ ಆದಿಲ್ ಷಾ (ಆಳ್ವಿಕೆ 1580-1627) ಮತ್ತು ರಾಣಿ ತಾಜ್ ಸುಲ್ತಾನಳ ಸಮಾಧಿ ಒಂದು ಬದಿಗೆ, ಮಸೀದಿ ಇನ್ನೊಂದು ಬದಿಗೆ, ನಡುವೆ ನೀರಿನ ಕೊಳ. ಮಲಿಕ್ ಸಂದಲ್ ಇದರ ನಿರ್ಮಾಣದ ಹೊಣೆ ಹೊತ್ತವನು. ಕಿಟಕಿಗಳ ಕಲ್ಲಿನ ಜಾಲರಿಯಲ್ಲಿ ಅಕ್ಷರಗಳನ್ನೇ ಕೊರೆದಿದ್ದಾರೆ; ಒಳಗೆ ಬರುವ ಬೆಳಕು ಆ ಅಕ್ಷರಗಳ ಸಂದಿನಿಂದಲೇ ಬರುತ್ತದೆ. ಈ ಕಾರಣದಿಂದ ಬೆಳಗಿನ ಬೆಳಕಿನಲ್ಲಿ ನಿಧಾನವಾಗಿ ನೋಡಬೇಕಾದ ಕಟ್ಟಡವಿದು.

ಈ ಅರಸನು ಸಂಗೀತಪ್ರಿಯನಾಗಿದ್ದನು. ರಾಗಗಳಿಗೆ ಹೊಂದಿಸಿ ದಖನಿ ಭಾಷೆಯಲ್ಲಿ ರಚಿಸಿದ ‘ಕಿತಾಬ್-ಎ-ನೌರಸ್’ ಅವನ ಕೃತಿ. ಅದರಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯೂ ಉಂಟು. ಅವನನ್ನು ‘ಜಗದ್ಗುರು’ ಎಂದು ಕರೆಯುತ್ತಿದ್ದರು. ನಗರದ ಪಶ್ಚಿಮಕ್ಕೆ ತೊರವಿಯ ಬಳಿ ಅವನು ಕಟ್ಟಿಸಿದ ನೌರಸಪುರದ ಅವಶೇಷಗಳು, ಸಂಗೀತ ಮಹಲ್ ಸೇರಿದಂತೆ, ಇಂದಿಗೂ ಇವೆ. ಸಮಯವಿದ್ದವರು ರೋಜಾದಿಂದ ನೇರವಾಗಿ ಅಲ್ಲಿಗೆ ಹೋಗಿ ಬರಬಹುದು.

ತಾಜ್ ಬಾವಡಿ: ಬಿಡಬಾರದ ಸ್ಥಳ

ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸ್ಥಳವೆಂದರೆ ತಾಜ್ ಬಾವಡಿ. ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ 1620ರಲ್ಲಿ ಕಟ್ಟಿದ ಈ ಬೃಹತ್ ಬಾವಡಿಗೆ ಎತ್ತರದ ಕಮಾನಿನ ಮೂಲಕ ಪ್ರವೇಶ. ಇಕ್ಕೆಲಗಳಲ್ಲಿ ಗೋಪುರಗಳು, ಒಳಗೆ ನೀರಿಗಿಳಿಯುವ ಮೆಟ್ಟಿಲುಗಳು, ಸುತ್ತ ಪ್ರಯಾಣಿಕರ ತಂಗುಕೋಣೆಗಳು. ಇದಕ್ಕೂ ಮೊದಲು, 1579ರಲ್ಲಿ, ಚಾಂದ್ ಬೀಬಿಯ ಹೆಸರಿನಲ್ಲಿ ಕಟ್ಟಿದ ಚಾಂದ್ ಬಾವಡಿ ನಗರದ ಪೂರ್ವಭಾಗದಲ್ಲಿದೆ.

ಬಾವಡಿಗಳ ಜೊತೆಗೆ ತೊರವಿಯ ಕಡೆಯಿಂದ ನೆಲದಡಿಯ ಸುರಂಗ ಕಾಲುವೆಯ ಮೂಲಕವೂ, 1651ರಲ್ಲಿ ನಿರ್ಮಿಸಿದ ಬೇಗಂ ತಲಾಬ್ ಕೆರೆಯಿಂದ ಕೊಳವೆಗಳ ಮೂಲಕವೂ ನೀರು ಊರಿಗೆ ಬರುತ್ತಿತ್ತು. ನೀರಿನ ಒತ್ತಡ ಹೆಚ್ಚಿ ಕೊಳವೆ ಒಡೆಯದಂತೆ ನಡುನಡುವೆ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿದ್ದರು. ಇವುಗಳಲ್ಲಿ ಕೆಲವು ಇಂದಿಗೂ ಬಡಾವಣೆಗಳ ನಡುವೆ ನಿಂತಿವೆ. ಅವುಗಳ ಉಪಯೋಗ ತಿಳಿಯದವರಿಗೆ ಅವು ಬರಿಯ ಕಲ್ಲಿನ ಕಂಬಗಳಂತೆ ತೋರುತ್ತವೆ.

ಮನೆಮನೆಗೆ ನಲ್ಲಿ ಬಂದ ಮೇಲೆ ಬಾವಡಿಗಳ ಅಗತ್ಯ ತಗ್ಗಿತು. ಹಲವು ಕಸ, ಹೂಳುಗಳಿಂದ ತುಂಬಿದವು. ತಾಜ್ ಬಾವಡಿಯೂ ಇದಕ್ಕೆ ಹೊರತಾಗಿರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಹೂಳೆತ್ತುವ ಮತ್ತು ಸಂರಕ್ಷಣೆಯ ಕಾರ್ಯಗಳು ನಡೆದಿವೆ. ದಖ್ಖನ್ ಪ್ರಸ್ಥಭೂಮಿಯ ಐತಿಹಾಸಿಕ ಜಲವ್ಯವಸ್ಥೆಗಳು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆಯ 2020ರ ಗಮನಪಟ್ಟಿಯಲ್ಲಿ ಸ್ಥಾನ ಪಡೆದವು. ಆದರೂ ಬಾವಡಿಯ ಉಳಿವು ಪಟ್ಟಿಯೊಂದರಿಂದ ಆಗುವಂಥದಲ್ಲ. ಜನ ಬಂದು ನೋಡುವ ಸ್ಥಳಕ್ಕೆ ಕಸ ಸುರಿಯಲು ಕೈ ಹಿಂಜರಿಯುತ್ತದೆ. ಯಾರೂ ಬಾರದ ಸ್ಥಳ ಮತ್ತೆ ತಿಪ್ಪೆಯಾಗಲು ಹೆಚ್ಚು ಕಾಲ ಬೇಕಿಲ್ಲ. ಪ್ರವಾಸಿಯೊಬ್ಬನು ಇಲ್ಲಿ ಕಳೆಯುವ ಅರ್ಧ ಗಂಟೆಗೂ ಈ ದೃಷ್ಟಿಯಿಂದ ಬೆಲೆಯಿದೆ.

ಎರಡನೆಯ ದಿನ, ಮಧ್ಯಾಹ್ನ ಮತ್ತು ಸಂಜೆ

ಊಟದ ನಂತರದ ಹೊತ್ತನ್ನು ಖರೀದಿಗೆ ಬಳಸಬಹುದು. ರಾಜ್ಯದಲ್ಲಿ ದ್ರಾಕ್ಷಿ ಬೆಳೆಗೆ ಹೆಸರಾದ ಜಿಲ್ಲೆಯಿದು. ಒಣದ್ರಾಕ್ಷಿ ಇಲ್ಲಿಂದ ಕೊಂಡೊಯ್ಯಲು ಯೋಗ್ಯವಾದ ವಸ್ತು. ಇಂಡಿ ತಾಲ್ಲೂಕಿನ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಶೇಂಗಾ ಹಿಂಡಿ, ಖಡಕ್ ರೊಟ್ಟಿ, ಶೇಂಗಾ ಹೋಳಿಗೆಗಳನ್ನು ಮಹಿಳೆಯರು ಮನೆಗಳಲ್ಲಿಯೇ ಮಾಡಿ ಮಾರುವುದುಂಟು.

ಬಿಸಿಲು ಇಳಿದ ಮೇಲೆ ಪಶ್ಚಿಮದ ಕೋಟೆಗೋಡೆಯತ್ತ ಹೋಗಬೇಕು. ಇಲ್ಲಿನ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ಫಿರಂಗಿಯನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದರು. ಸುಮಾರು 55 ಟನ್ ತೂಕದ ಇದರ ಬಾಯಿ, ಆನೆಯನ್ನು ಕಚ್ಚಿದ ಸಿಂಹದ ಆಕಾರದಲ್ಲಿದೆ. ಪರಾಂಡಾ ಕೋಟೆಯಿಂದ 1632ರಲ್ಲಿ ಇಲ್ಲಿಗೆ ತರಲು 400 ಎತ್ತುಗಳು, 10 ಆನೆಗಳು ಬೇಕಾದವೆಂದು ಹೇಳುತ್ತಾರೆ. 1854ರಲ್ಲಿ ಇದು ಹರಾಜಿನಲ್ಲಿ 150 ರೂಪಾಯಿಗೆ ಹೋಗಿತ್ತು. ಆ ಮಾರಾಟ ರದ್ದಾದುದರಿಂದ ಫಿರಂಗಿ ಊರಿನಲ್ಲಿ ಉಳಿಯಿತು.

ಸಮೀಪದಲ್ಲಿಯೇ ಇರುವ ಉಪ್ಪಲಿ ಬುರುಜು 1584ರಲ್ಲಿ ಹೈದರ್ ಖಾನನು ಕಟ್ಟಿಸಿದ, ಸುಮಾರು 24 ಮೀಟರ್ ಎತ್ತರದ ಕಾವಲುಗೋಪುರ. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲುಗಳನ್ನು ಹತ್ತಿದರೆ ಇಡೀ ನಗರ ಕಣ್ಣಿಗೆ ಬೀಳುತ್ತದೆ. ಸಂಜೆಯ ಬಿಸಿಲು ಪಶ್ಚಿಮದಿಂದ ಬೀಳುವುದರಿಂದ ಪೂರ್ವದ ತುದಿಯ ಗೋಳಗುಮ್ಮಟ ಈ ಹೊತ್ತಿನಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಇಷ್ಟರೊಳಗೆ ಮಸೀದಿ, ಮಹಲುಗಳ ಗುರುತು ಸಿಕ್ಕಿರುತ್ತದೆಯಾದ್ದರಿಂದ ಮೇಲಿನಿಂದ ಒಂದೊಂದನ್ನೂ ಹೆಸರಿಸಿ ಗುರುತಿಸಬಹುದು. ಮೊದಲ ದಿನವೇ ಇಲ್ಲಿಗೆ ಬಂದವರಿಗೆ ಈ ಅನುಕೂಲವಿಲ್ಲ.

ಹೆಚ್ಚುವರಿ ದಿನವಿದ್ದವರಿಗೆ

ಸುಮಾರು 20 ಕಿ.ಮೀ. ದೂರದ ಕುಮಟಗಿಯಲ್ಲಿ ಆದಿಲಶಾಹಿಗಳ ಜಲವಿಹಾರ ಮಂಟಪಗಳೂ ಭಿತ್ತಿಚಿತ್ರಗಳ ಕುರುಹುಗಳೂ ಇವೆ. ಬಸವಣ್ಣನವರ ಜನ್ಮಸ್ಥಳವಾದ ಬಸವನ ಬಾಗೇವಾಡಿ ಸುಮಾರು 45 ಕಿ.ಮೀ., ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟು ಸುಮಾರು 65 ಕಿ.ಮೀ. ದೂರದಲ್ಲಿವೆ. ಕೊನೆಯ ಎರಡನ್ನು ಒಂದೇ ದಿನದಲ್ಲಿ ಮುಗಿಸಬಹುದು.

ಗಮನಿಸಬೇಕಾದ ಅಂಶಗಳು

- ಗೋಳಗುಮ್ಮಟ ಮತ್ತು ಇಬ್ರಾಹಿಂ ರೋಜಾಗಳಿಗೆ ಪ್ರವೇಶ ಶುಲ್ಕವುಂಟು. ದರ ಮತ್ತು ವೇಳೆ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಪುರಾತತ್ತ್ವ ಇಲಾಖೆಯ ಪ್ರಕಟಣೆಯನ್ನು ನೋಡಿಕೊಳ್ಳಬೇಕು.
- ಟೋಪಿ ಅಥವಾ ಕೊಡೆ, ಕುಡಿಯುವ ನೀರು, ಕಳಚಲು ಸುಲಭವಾದ ಪಾದರಕ್ಷೆ ಜೊತೆಗಿರಲಿ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆಯಬೇಕಾದೀತು, ಕಾಲುಚೀಲವಿದ್ದರೆ ಅನುಕೂಲ.
- ಮಾರ್ಗದರ್ಶಕರನ್ನು ನೇಮಿಸಿಕೊಳ್ಳುವಾಗ ಇಲಾಖೆಯ ಗುರುತಿನ ಚೀಟಿ ಇರುವವರನ್ನು ಆರಿಸಬೇಕು. ರಾಣಿಯರ ಬಗೆಗಿನ ರಂಜನೀಯ ಕಥೆಗಳೆಲ್ಲವೂ ಇತಿಹಾಸವಲ್ಲ.
- ಬಾವಡಿಗಳ ಮೆಟ್ಟಿಲುಗಳು ಪಾಚಿಯಿಂದ ಜಾರುತ್ತವೆ. ಮಕ್ಕಳನ್ನು ನೀರಿನ ಅಂಚಿಗೆ ಬಿಡಬಾರದು.
- ಅನೇಕ ಸ್ಮಾರಕಗಳು ಮನೆಗಳ ನಡುವೆಯೇ ಇವೆ. ಚಿತ್ರ ತೆಗೆಯುವಾಗ ನಿವಾಸಿಗಳ ಅನುಮತಿ ಕೇಳುವುದು ಸೌಜನ್ಯ.

ಒಂದೇ ದಿನ ಕೈಯಲ್ಲಿದ್ದವರು ಬೆಳಿಗ್ಗೆ ಗೋಳಗುಮ್ಮಟ, ಮಧ್ಯಾಹ್ನ ಖಾನಾವಳಿ, ಬಿಸಿಲು ಇಳಿದ ಮೇಲೆ ಇಬ್ರಾಹಿಂ ರೋಜಾ ಮತ್ತು ತಾಜ್ ಬಾವಡಿ, ಕೊನೆಗೆ ಉಪ್ಪಲಿ ಬುರುಜು ಎಂದು ಇಟ್ಟುಕೊಳ್ಳಬಹುದು. ಉಳಿದ ಯಾವುದನ್ನು ಬಿಟ್ಟರೂ ಬಾವಡಿಯನ್ನೂ ರೊಟ್ಟಿಯ ಊಟವನ್ನೂ ಬಿಡದಿರುವುದು ಉಚಿತ.